ಅಗ್ನಿಶಾಮಕ ಅಧಿಕಾರಿ ಯಾರನ್ನು ಕೇಳಬೇಕು?

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗೊಂದು ಸ್ಫೋಟಗೊಂಡಾಗ ಪ್ರಾಣ ಕೊಟ್ಟ ಅಗ್ನಿಶಾಮಕರ ನೆನಪಿಗೆ ಈ ಆಚರಣೆ. ಆ ವಾರ ಪತ್ರಿಕೆಗಳಲ್ಲಿ ಬರುವ ಚಿತ್ರವೂ ವರ್ಷ ವರ್ಷ ಅದೇ: ಶಾಲೆಯ ಮೈದಾನ, ತಗಡಿನ ತಟ್ಟೆಯಲ್ಲಿ ಉರಿಯುವ ಎಣ್ಣೆ, ಕೆಂಪು ಗಾಡಿ, ಆಕಾಶಕ್ಕೆ ಚಿಮ್ಮುವ ನೀರು, ಚಪ್ಪಾಳೆ ತಟ್ಟುವ ಮಕ್ಕಳು. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಆ ಚಿತ್ರದ ಅಂಚಿನಲ್ಲಿ ವಾಕಿಟಾಕಿ ಹಿಡಿದು ನಿಂತ ಒಬ್ಬ ಠಾಣಾಧಿಕಾರಿ ಇರುತ್ತಾರೆ. ಈ ಪತ್ರ ಅವರನ್ನು, ಅವರಿಗೆ ಬೇಕಾದ ಒಂದು ವೃತ್ತಿ ಸಂಘವನ್ನು ಕುರಿತದ್ದು.

ಅವರ ಕೆಲಸ ಎಂಥದ್ದು ಎಂಬುದಕ್ಕೆ ಒಂದೇ ಒಂದು ಲೆಕ್ಕ. 4,500 ಲೀಟರ್ ಟ್ಯಾಂಕಿನ ವಾಟರ್ ಟೆಂಡರ್ (ನೀರು ಹೊತ್ತು ಬರುವ ಅಗ್ನಿಶಾಮಕ ಗಾಡಿ) ಸ್ಥಳಕ್ಕೆ ಬಂತು ಎನ್ನಿ. ಬ್ರಾಂಚಿನ, ಅಂದರೆ ಹೋಸಿನ ತುದಿಯ ಕೊಳವೆಯ, ನಾಜಲ್ 20 ಮಿ.ಮೀ., ಒತ್ತಡ 7 ಬಾರ್. ನಾಜಲ್ ವ್ಯಾಸದ ವರ್ಗವನ್ನು ಒತ್ತಡದ ವರ್ಗಮೂಲದಿಂದ ಗುಣಿಸಿ, ಅದರ ಮೂರರಲ್ಲಿ ಎರಡು ಪಾಲು ತೆಗೆದರೆ ನಿಮಿಷಕ್ಕೆ ಎಷ್ಟು ಲೀಟರ್ ಹೋಗುತ್ತದೆಂದು ಸಿಗುತ್ತದೆ. ಇಲ್ಲಿ ಸುಮಾರು 700. ಅಂದರೆ ಟ್ಯಾಂಕ್ ಆರೂವರೆ ನಿಮಿಷದೊಳಗೆ ಖಾಲಿ. ಎರಡು ಬ್ರಾಂಚ್ ಬಿಟ್ಟರೆ ಮೂರು ನಿಮಿಷ ಚಿಲ್ಲರೆ. ಅದೇ ನೀರನ್ನು 12 ಮಿ.ಮೀ. ನಾಜಲಿನಲ್ಲಿ 4 ಬಾರ್ ಒತ್ತಡಕ್ಕೆ ಬಿಟ್ಟರೆ ಇಪ್ಪತ್ತಮೂರು ನಿಮಿಷ ಬರುತ್ತದೆ; ಆದರೆ ದೊಡ್ಡ ಉರಿಯ ಮೇಲೆ ಅದು ಏನೂ ಮಾಡಲಾರದು. ಯಾವ ನಾಜಲ್, ಎಷ್ಟು ಒತ್ತಡ, ಯಾವ ಬಾಗಿಲು, ಎರಡನೇ ಗಾಡಿ ಎಲ್ಲಿ ನಿಲ್ಲಬೇಕು, ಅದಕ್ಕೆ ನೀರು ಎಲ್ಲಿಂದ, ಒಳಗೆ ಜನ ಕಳಿಸಬೇಕೋ ಬೇಡವೋ — ಇಷ್ಟೂ ಆ ಆರೂವರೆ ನಿಮಿಷದೊಳಗೆ ತೀರ್ಮಾನವಾಗಬೇಕು. ಸುತ್ತ ನಿಂತ ಐನೂರು ಜನ ಐನೂರು ಸಲಹೆ ಕೊಡುತ್ತಿರುತ್ತಾರೆ, ಎಲ್ಲರ ಕೈಯಲ್ಲೂ ಮೊಬೈಲ್ ಬೇರೆ.

ಇಂಥ ತೀರ್ಮಾನ ಮಾಡುವವರನ್ನು ನಾವು ಹೇಗೆ ತಯಾರು ಮಾಡುತ್ತೇವೆ? ಬೆಂಗಳೂರಿನ ಆರ್.ಎ. ಮುಂಡಕೂರ್ ಅಕಾಡೆಮಿಯಲ್ಲಿ ತರಬೇತಿ ಇದೆ. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜು 1956ರಿಂದ ಅಧಿಕಾರಿಗಳಿಗೆ ಪಾಠ ಹೇಳುತ್ತಿದೆ. ಎರಡೂ ಒಳ್ಳೆಯ ಸಂಸ್ಥೆಗಳು. ಆದರೆ ಪಾಠ ಮುಗಿಸಿ ಠಾಣೆಗೆ ಬಂದ ಅಧಿಕಾರಿಗೆ ಮುಂದೆ ಅನುಮಾನ ಬಂದಾಗ ಕೇಳಲು ಯಾರಿದ್ದಾರೆ? ಮೇಲಿನವರನ್ನು ಕೇಳೋಣವೆಂದರೆ ವಾರ್ಷಿಕ ಗೌಪ್ಯ ವರದಿ ಬರೆಯುವವರೇ ಅವರು; ಪ್ರಶ್ನೆ ಕೇಳಿದರೆ ತನ್ನ ಕೊರತೆಯನ್ನು ತಾನೇ ಬರೆದುಕೊಟ್ಟಂತೆ. ಕೆಳಗಿನವರನ್ನು ಕೇಳಿದರೆ 'ಸಾಹೇಬ್ರಿಗೇ ಗೊತ್ತಿಲ್ಲಂತ' ಎಂಬ ಮಾತು ಮಧ್ಯಾಹ್ನದ ಊಟದ ಹೊತ್ತಿಗೆ ಠಾಣೆ ತುಂಬಿರುತ್ತದೆ. ಬಡ್ತಿ ಸಿಕ್ಕ ದಿನದಿಂದ ಮನುಷ್ಯ ಒಂಟಿ. ನಿನ್ನೆಯವರೆಗೆ ಪಂಪಿನ ಮುಂದೆ ನಿಂತವರು ಇಂದು ಕಟ್ಟಡಗಳ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕಡತ, ಕೋರ್ಟಿನ ಸಾಕ್ಷಿ, ಡೀಸೆಲ್ ಲೆಕ್ಕ, ಶಾಸಕರ ಫೋನು, ವರದಿಗಾರರ ಪ್ರಶ್ನೆ ಎಲ್ಲಕ್ಕೂ ಉತ್ತರಿಸಬೇಕು.

ಈ ಒಂಟಿತನಕ್ಕೆ ಬೇರೆ ದೇಶಗಳಲ್ಲಿ ಬಹಳ ಹಿಂದೆಯೇ ಒಂದು ದಾರಿ ಹುಡುಕಿದ್ದಾರೆ. ಅದು ಅಧಿಕಾರಿಗಳದ್ದೇ ಒಂದು ವೃತ್ತಿ ಸಂಘ. ಅಮೆರಿಕದ ಅಗ್ನಿಶಾಮಕ ಮುಖ್ಯಸ್ಥರು 1873ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿ ಕಟ್ಟಿದ ಸಂಘ ಇಂದು ಅಂತರರಾಷ್ಟ್ರೀಯ ಅಗ್ನಿಶಾಮಕ ಮುಖ್ಯಸ್ಥರ ಸಂಘವಾಗಿದೆ. ಬ್ರಿಟನ್ನಿನ ಅಗ್ನಿ ಎಂಜಿನಿಯರುಗಳ ಸಂಸ್ಥೆ 1918ರದು. ಅದಕ್ಕೆ ಭಾರತದಲ್ಲೂ ಶಾಖೆ ಇದೆ, ಪರೀಕ್ಷೆ ಬರೆದು ಸದಸ್ಯತ್ವ ಪಡೆಯಬಹುದು. ಅಲ್ಲಿನ ರಾಷ್ಟ್ರೀಯ ಅಗ್ನಿಶಾಮಕ ಮುಖ್ಯಸ್ಥರ ಮಂಡಳಿ 2017ರಲ್ಲಿ ರೂಪುಗೊಂಡಿತು. ಕಾರ್ಯಾಚರಣೆಯ ಮಾರ್ಗಸೂಚಿಗಳನ್ನು ಇಡೀ ದೇಶಕ್ಕೆ ಒಂದೇ ಕಡೆ ಬರೆದು ಕೊಡುವ ಕೆಲಸ ಅದರದು. ನಮ್ಮಲ್ಲಿ 1955ರಿಂದ ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿ ಸ್ಥಾಯಿ ಅಗ್ನಿ ಸಲಹಾ ಮಂಡಳಿ ಇದೆ. ಅದು ಸರ್ಕಾರಕ್ಕೆ ಸಲಹೆ ಕೊಡುವ ಮಂಡಳಿ. ರಾತ್ರಿ ಎರಡು ಗಂಟೆಗೆ ಹತ್ತಿ ಬೇಲುಗಳ (ಒತ್ತಿ ಕಟ್ಟಿದ ಮೂಟೆಗಳ) ರಾಶಿಯ ಮುಂದೆ ನಿಂತ ಠಾಣಾಧಿಕಾರಿಗೆ ಆಸರೆಯಾಗಲು ಹುಟ್ಟಿದ್ದಲ್ಲ.

ಸಂಘ ಎಂದ ಕೂಡಲೇ ನಮ್ಮಲ್ಲಿ ವೇತನ, ಬಡ್ತಿ, ವರ್ಗಾವಣೆ ನೆನಪಾಗುತ್ತವೆ. ಅವು ನೌಕರರ ಸಂಘದ ಕೆಲಸ, ಅಲ್ಲೇ ಇರಲಿ. ವೃತ್ತಿ ಸಂಘದಲ್ಲಿ ವೇತನದ ಮಾತು ಎತ್ತುವಂತಿಲ್ಲ ಎಂದು ಮೊದಲ ದಿನವೇ ನಿಯಮ ಬರೆದುಕೊಳ್ಳಬೇಕು. ಎತ್ತಿದರೆ ಎರಡನೇ ಸಭೆಗೆ ಮೇಲಧಿಕಾರಿಗಳು ಬರುವುದಿಲ್ಲ, ಮೂರನೆಯದಕ್ಕೆ ಅನುಮತಿ ಸಿಗುವುದಿಲ್ಲ. ಇನ್ನೊಂದು ರೋಗ ಇದಕ್ಕಿಂತ ಕೆಟ್ಟದ್ದು: ಸಂಘ ಸನ್ಮಾನದ ಸಂಸ್ಥೆಯಾಗುವುದು. ಶಾಲು, ಹಾರ, ಹಣ್ಣಿನ ಬುಟ್ಟಿ, ವರ್ಷಕ್ಕೊಂದು ಕ್ಯಾಲೆಂಡರ್. ಆ ಕ್ಯಾಲೆಂಡರಿನ ಕೆಳಗೆ ಬೆಂಕಿ ನಂದಿಸುವ ಉಪಕರಣ ಮಾರುವ ಅಂಗಡಿಯ ಜಾಹೀರಾತು. ಅದೇ ಅಂಗಡಿಯವರು ಅಳವಡಿಸಿದ ಹೈಡ್ರಂಟ್ ಪರೀಕ್ಷಿಸಿ ಎನ್‌ಒಸಿಗೆ ಶಿಫಾರಸು ಮಾಡಬೇಕಾದವರು ಈ ಸದಸ್ಯರೇ. ಆದ್ದರಿಂದ ಪ್ರಾಯೋಜಕರ ಒಂದು ಪೈಸೆಯೂ ಬೇಡ. ಸದಸ್ಯರೇ ವರ್ಷಕ್ಕೆ ಸಾವಿರ ರೂಪಾಯಿ ಚಂದಾ ಹಾಕಲಿ. ಚಹಾ, ಝೆರಾಕ್ಸ್, ಒಂದು ದಪ್ಪ ನೋಟ್‌ಬುಕ್ಕಿಗೆ ಅಷ್ಟು ಸಾಕು.

ಹಾಗಾದರೆ ಸಂಘ ಮಾಡಬೇಕಾದ್ದೇನು? ನಮ್ಮ ಪ್ರಕಾರ ಎಲ್ಲಕ್ಕಿಂತ ಮೊದಲನೆಯದು, 'ಇಲ್ಲಿ ನನ್ನ ಲೆಕ್ಕ ತಪ್ಪಿತು' ಎಂದು ಒಬ್ಬ ಅಧಿಕಾರಿ ಇನ್ನೊಬ್ಬರಿಗೆ ಹೇಳಿದರೆ ಕಾರಣ ಕೇಳಿ ನೋಟಿಸ್ ಬರದಂಥ ಒಂದು ಜಾಗ ಮಾಡುವುದು. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಅಮೆರಿಕದಲ್ಲಿ 2005ರಲ್ಲಿ 'ಸ್ವಲ್ಪದರಲ್ಲಿ ತಪ್ಪಿದ' ಘಟನೆಗಳನ್ನು ದಾಖಲಿಸುವ ವ್ಯವಸ್ಥೆ ಶುರುವಾಯಿತು. ಗಾಯವಾಗಲಿಲ್ಲ, ಸಾವಾಗಲಿಲ್ಲ, ಆದರೆ ಆಗುವುದರಲ್ಲಿತ್ತು — ಅಂಥವನ್ನು ಹೆಸರಿಲ್ಲದೆ ಬರೆದು ಕಳಿಸುವುದು, ಬೇರೆ ಠಾಣೆಯವರು ಓದುವುದು. ಇದಕ್ಕೆ ಕಂಪ್ಯೂಟರ್ ವ್ಯವಸ್ಥೆಯೇ ಬೇಕೆಂದಿಲ್ಲ. ಒಂದು ಹಾಳೆ, ಐದು ಸಾಲು: ಎಂಥ ಜಾಗ, ಏನು ಉರಿಯುತ್ತಿತ್ತು, ಏನು ಮಾಡಿದೆವು, ಎಲ್ಲಿ ತಪ್ಪಿತು, ಮುಂದಿನ ಸಲ ಏನು. ಊರಿನ ಹೆಸರು ಬೇಡ, ತಾರೀಖು ಬೇಡ, ಮಾಲೀಕರ ಹೆಸರಂತೂ ಬೇಡವೇ ಬೇಡ. ಬರೆದ ಹಾಳೆ ಸಂಘದ ಒಬ್ಬರ ಕೈಗೆ ಹೋಗಬೇಕು. ಅವರು ಗುರುತು ಸಿಗುವ ಮಾತು ಹೊಡೆದುಹಾಕಿ ಹೊಸದಾಗಿ ಬರೆದು, ಮೂಲವನ್ನು ಹರಿದು ಹಾಕಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಕೆಲಸ ಕೆಟ್ಟಿತು. ಅಲ್ಲಿ ಬಿದ್ದದ್ದು ಸಂಜೆಯೊಳಗೆ ಸ್ಕ್ರೀನ್‌ಶಾಟ್ ಆಗಿ ಜಿಲ್ಲೆ ದಾಟುತ್ತದೆ, ಮರುದಿನದಿಂದ ಯಾರೂ ಬರೆಯುವುದಿಲ್ಲ.

ಹತ್ತಿಯಿಂದ ಬೀಜ ಬೇರ್ಪಡಿಸುವ ಗಿನ್ನಿಂಗ್ ಮಿಲ್ಲಿನ ಒಂದು ಹಾಳೆ ಹೀಗಿರಬಹುದು: 'ಗಿನ್ನಿಂಗ್ ಮಿಲ್. ಬಿಡಿ ಹತ್ತಿಯ ರಾಶಿಗೆ ಬೆಂಕಿ. ಆರಿಸಿ ಹೋಸ್ ಸುತ್ತಿದೆವು. ಬೆಂಕಿ ಕಾಣುವ ಮುಂಚಿನ ಒಂದು ತಾಸಿನಲ್ಲಿ ಪ್ರೆಸ್ ಆದ ಬೇಲುಗಳು ಗೋದಾಮಿಗೆ ಹೋಗಿದ್ದವು, ಕೇಳಲಿಲ್ಲ. ಮರುದಿನ ಗೋದಾಮಿನಲ್ಲಿ ಹೊಗೆ. ಮುಂದಿನ ಸಲ ಗೇಟಿನಲ್ಲೇ ಕೇಳುವ ಪ್ರಶ್ನೆ: ಕೊನೆಯ ತಾಸಿನ ಬೇಲು ಎಲ್ಲಿ?'

ಹುಬ್ಬಳ್ಳಿ, ಅಣ್ಣಿಗೇರಿ, ಗದಗ ಕಡೆ ಗಿನ್ನಿಂಗ್ ಮಿಲ್ ಕಂಡವರಿಗೆ ಇದರ ಮರ್ಮ ಗೊತ್ತು. ಹೊಲದಿಂದ ಬಂದ ಹತ್ತಿಯಲ್ಲಿ ಸಣ್ಣ ಕಲ್ಲೋ ಮೊಳೆಯ ತುಂಡೋ ಸೇರಿರುತ್ತದೆ. ಯಂತ್ರದ ಉಕ್ಕಿಗೆ ತಾಗಿ ಕಿಡಿ ಹಾರುತ್ತದೆ, ಗಾಳಿ ಕೊಳವೆಯಲ್ಲಿ ಹತ್ತಿಯ ಜತೆ ಮುಂದೆ ಹೋಗುತ್ತದೆ. ರಾಶಿಯಲ್ಲಿ ಬಿದ್ದ ಕಿಡಿ ಕಾಣುತ್ತದೆ. ಪ್ರೆಸ್ಸಿನೊಳಗೆ ಹೋದ ಕಿಡಿ 170 ಕಿಲೋ ಬೇಲಿನ ಹೊಟ್ಟೆಯಲ್ಲಿ ಕುಳಿತು ದಿನಗಟ್ಟಲೆ ಕನಲುತ್ತದೆ; ಹೊರಗಿನಿಂದ ಮುಟ್ಟಿದರೂ ತಿಳಿಯುವುದಿಲ್ಲ. ಮೇಲಿಂದ ನೀರು ಹೊಡೆದರೆ ಬಿಗಿಯಾದ ಹತ್ತಿಯ ಒಳಕ್ಕೆ ಅದು ಇಳಿಯದು. ಬೇಲನ್ನು ಬಯಲಿಗೆ ಎಳೆದು, ಪಟ್ಟಿ ಕತ್ತರಿಸಿ, ಬಿಡಿಸಿ ನೆನೆಸಬೇಕು. ಗೋದಾಮಿನಲ್ಲೇ ಪಟ್ಟಿ ಕತ್ತರಿಸಿದರೆ ಬೇಲು ಉಬ್ಬಿ ಗಾಳಿ ಸಿಕ್ಕ ಕೂಡಲೇ ಭಗ್ಗನೆ ಹೊತ್ತಿಕೊಳ್ಳುತ್ತದೆ. ನೀರು ಕುಡಿದ ಬೇಲುಗಳ ಒಟ್ಟಲು ಉಬ್ಬಿ ಗೋಡೆಯನ್ನು ಹೊರಕ್ಕೆ ತಳ್ಳುವುದೂ ಉಂಟು. ಆ ಗೋಡೆಯ ಪಕ್ಕದಲ್ಲಿ ಸಿಬ್ಬಂದಿ ನಿಂತಿರಬಾರದು. ಇಷ್ಟೂ ವಿಷಯ ಯಾವುದಾದರೂ ಒಂದು ಠಾಣೆಯವರಿಗೆ ಗೊತ್ತಿದ್ದೇ ಇರುತ್ತದೆ. ಅವರು ವರ್ಗವಾಗಿ ಹೋದ ದಿನ ಅದೂ ಅವರ ಟ್ರಂಕಿನಲ್ಲಿ ಹೋಗುತ್ತದೆ.

ಎರಡು ಘಟನೆ ನೆನಪಿಸಿಕೊಳ್ಳೋಣ. 2022ರ ಜುಲೈನಲ್ಲಿ ಹುಬ್ಬಳ್ಳಿ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಕೇಕಿನ ಮೇಲೆ ಹಚ್ಚುವ ಕಿಡಿ ಕ್ಯಾಂಡಲ್ ತಯಾರಿಸುವ ಘಟಕಕ್ಕೆ ಬೆಂಕಿ ಬಿದ್ದು ಕಾರ್ಮಿಕರು ಪ್ರಾಣ ಕಳೆದುಕೊಂಡರು. 2023ರ ಆಗಸ್ಟ್‌ನಲ್ಲಿ ಹಾವೇರಿ ಹತ್ತಿರದ ಆಲದಕಟ್ಟಿಯ ಪಟಾಕಿ ಗೋದಾಮು ಉರಿದು ಅಲ್ಲೂ ಜೀವಗಳು ಹೋದವು. ಒಂದರ ಹೆಸರು ಕ್ಯಾಂಡಲ್, ಇನ್ನೊಂದರದು ಪಟಾಕಿ. ಒಳಗಿನ ಮಸಾಲೆಯ (ರಾಸಾಯನಿಕ ಮಿಶ್ರಣದ) ಸ್ವಭಾವ ಒಂದೇ: ಉರಿಯಲು ಬೇಕಾದ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಮಣ್ಣು, ನೊರೆ, ಕಂಬಳಿ ಹಾಕಿ ಗಾಳಿ ಕಟ್ಟಿದರೆ ಆರುವುದಿಲ್ಲ. ಅಲ್ಯೂಮಿನಿಯಂ ಪುಡಿ ಇದ್ದಲ್ಲಿ ಸ್ವಲ್ಪವೇ ನೀರು ಬಿದ್ದರೆ ಅಪಾಯ ಹೆಚ್ಚು. ಅಲ್ಲಿ ಅಧಿಕಾರಿಯ ಮೊದಲ ಕೆಲಸ ದೂರ ಕಾಯ್ದುಕೊಳ್ಳುವುದು, ಜನರನ್ನು ಹಿಂದಕ್ಕೆ ಸರಿಸುವುದು, ಪಕ್ಕದ ಕಟ್ಟಡ ತಣ್ಣಗಿಡುವುದು. ತಾರಿಹಾಳದಿಂದ ಆಲದಕಟ್ಟಿಗೆ ಹೆದ್ದಾರಿಯಲ್ಲಿ ಒಂದೂವರೆ ತಾಸಿನ ದಾರಿ. ಒಂದು ಜಿಲ್ಲೆಯ ಅನುಭವ ಇನ್ನೊಂದು ಜಿಲ್ಲೆಯ ಠಾಣೆಗೆ ಆ ದಾರಿಯಲ್ಲಿ ಹೋಗಿ ತಲುಪಬೇಕಾದರೆ ಹೊತ್ತುಕೊಂಡು ಹೋಗುವವರು ಬೇಕು. ಇಲಾಖೆಯ ಫೈರ್ ರಿಪೋರ್ಟ್ ಆ ಕೆಲಸ ಮಾಡುವುದಿಲ್ಲ. ಅದು ವಿಮೆಗೆ, ಪೊಲೀಸರಿಗೆ, ಕೋರ್ಟಿಗೆ ಬರೆದದ್ದು. ಕರೆ ಬಂದ ಸಮಯ, ಹೊರಟ ಸಮಯ, ನಷ್ಟದ ಅಂದಾಜು ಅದರಲ್ಲಿರುತ್ತದೆ. ಪಾಠ ಇರುವುದಿಲ್ಲ.

ದೊಡ್ಡ ಘಟನೆಗಳ ನಂತರ ಕುಳಿತು ಮಾತಾಡುವುದಕ್ಕೂ ಒಂದು ಕ್ರಮ ಇದೆ. ಮೂರು ದಿನದೊಳಗೆ ಆಗಬೇಕು. ತಡವಾದರೆ ಎಲ್ಲರ ನೆನಪೂ ಒಂದೇ ಕಥೆಯಾಗಿ ಹೆಪ್ಪುಗಟ್ಟುತ್ತದೆ. ಏನಾಗಬೇಕೆಂದುಕೊಂಡಿದ್ದೆವು, ಏನಾಯಿತು, ಎರಡರ ನಡುವೆ ವ್ಯತ್ಯಾಸ ಏಕೆ ಬಂತು, ಮುಂದೆ ಏನು ಬದಲಿಸಬೇಕು — ಇಷ್ಟೇ ಪ್ರಶ್ನೆ. ಮಾತು ಎಲ್ಲರಿಗಿಂತ ಕಿರಿಯ ಅಗ್ನಿಶಾಮಕನಿಂದ ಶುರುವಾಗಿ ಅಧಿಕಾರಿಯಲ್ಲಿ ಮುಗಿಯಬೇಕು. ತಿರುವುಮುರುವಾದರೆ ಸಾಹೇಬರು ಹೇಳಿದ್ದಕ್ಕೆ ಉಳಿದವರು ಹೌದೆನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಸಭೆ ನಡೆಸುವವರು ಬೇರೆ ಜಿಲ್ಲೆಯವರಾಗಿದ್ದರೆ ಉತ್ತಮ. ಸಂಘ ಇಲ್ಲದೆ ಆ ಬೇರೆ ಜಿಲ್ಲೆಯವರನ್ನು ಯಾವ ಹಕ್ಕಿನಿಂದ ಕರೆಯುವುದು?

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು, ಕಾರ್ಯಾಚರಣೆ ದಿನಗಟ್ಟಲೆ ನಡೆಯಿತು. ಅಂಥ ಜಾಗದಲ್ಲಿ ಅಗ್ನಿಶಾಮಕರು, ಎನ್‌ಡಿಆರ್‌ಎಫ್, ಪೊಲೀಸರು, ಪಾಲಿಕೆ, ವಿದ್ಯುತ್ ಕಂಪನಿ ಹೆಸ್ಕಾಂ, ಜೆಸಿಬಿ ಚಾಲಕರು, ವೈದ್ಯರು ಎಲ್ಲರೂ ಇರುತ್ತಾರೆ. ಅವಶೇಷದಡಿಯಿಂದ ದನಿ ಕೇಳಬೇಕೆಂದರೆ ಆಗಾಗ ಎಲ್ಲ ಯಂತ್ರ ಬಂದ್ ಮಾಡಿ, ಎಲ್ಲರೂ ಬಾಯಿ ಮುಚ್ಚಿ, ಕಿವಿಗೊಡಬೇಕು. ಆ ಆದೇಶ ಯಾರದು? ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲೇ ಘಟನಾ ಸ್ಪಂದನ ವ್ಯವಸ್ಥೆಯ ಮಾರ್ಗಸೂಚಿ ಕೊಟ್ಟಿದೆ. ಒಬ್ಬರ ಕೈಕೆಳಗೆ ನೇರವಾಗಿ ಐದು ಜನರಿದ್ದರೆ ಹದ ಎಂಬ ಲೆಕ್ಕ ಅದರ ಹಿಂದಿದೆ. ಓದಿ ಅರ್ಥವಾಗದ ಸಂಗತಿ ಅಲ್ಲ. ಆದರೆ ಅಧಿಕಾರ ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಆ ಅರ್ಧ ನಿಮಿಷ ಇದೆಯಲ್ಲ, ಅದನ್ನು ಬಾಯಿಬಿಟ್ಟು ಅಭ್ಯಾಸ ಮಾಡಬೇಕು. ಏನು ಉರಿಯುತ್ತಿದೆ ಅಥವಾ ಬಿದ್ದಿದೆ, ಒಳಗೆ ಯಾರಿದ್ದಾರೆ, ಇಲ್ಲಿಯತನಕ ಏನು ಮಾಡಿದೆ, ನೀರು ಎಷ್ಟು ಉಳಿದಿದೆ, ನನಗೆ ಏನು ಬೇಕಿತ್ತು. ಕೊನೆಗೆ 'ಇನ್ನು ಮುಂದೆ ಆದೇಶ ನಿಮ್ಮದು' ಎಂಬ ಮಾತು ಎಲ್ಲರಿಗೂ ಕೇಳುವಂತೆ. ಈ ಮಾತು ಆಡದೆ ಉಳಿದಲ್ಲಿ ಒಂದೇ ಬೆಂಕಿಗೆ ಇಬ್ಬರು ಯಜಮಾನರು: ಒಬ್ಬರು ಮುಂಬಾಗಿಲಿನಿಂದ ಜನ ಕಳಿಸುತ್ತಾರೆ, ಇನ್ನೊಬ್ಬರು ಹಿಂಬದಿಯ ಕಿಟಕಿಯಿಂದ ನೀರು ಹೊಡೆದು ಬಿಸಿ ಹಬೆಯನ್ನು ಅವರ ಮುಖಕ್ಕೇ ತಳ್ಳುತ್ತಾರೆ.

ಬ್ಯಾಡಗಿಯ ವಿಷಯ ಬೇರೆ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದು ಸಿಟ್ಟಿಗೆದ್ದ ಜನ ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದರು. ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ. ಗಲಭೆಯ ಜಾಗಕ್ಕೆ ಗಾಡಿ ಯಾವಾಗ ನುಗ್ಗಬೇಕು, ಯಾವಾಗ ಪೊಲೀಸ್ ಬೆಂಗಾವಲಿಗೆ ಕಾಯಬೇಕು, ಯಾವಾಗ ಗಾಡಿ ಬಿಟ್ಟು ಸಿಬ್ಬಂದಿಯನ್ನು ಹೊರತೆಗೆಯಬೇಕು? ಕಾದರೆ 'ತಡವಾಗಿ ಬಂದರು' ಎಂಬ ಸುದ್ದಿ, ನುಗ್ಗಿದರೆ ಸಿಬ್ಬಂದಿಯ ಪ್ರಾಣ. ಇದನ್ನು ಒಬ್ಬ ಠಾಣಾಧಿಕಾರಿಯ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ವೃತ್ತಿ ಸಂಘವಾದರೆ ಒಂದು ನಿಲುವು ಬರೆದು ಇಲಾಖೆಯ ಮುಂದಿಡಬಹುದು: ಬೆಂಗಾವಲು ಇಲ್ಲದೆ ಒಳಗಿಲ್ಲ, ಗಾಡಿ ಯಾವಾಗಲೂ ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು, ಚಾಲಕ ಸೀಟು ಬಿಡಬಾರದು, ವಾಪಸಾಗುವ ಸಂಕೇತ ಮೊದಲೇ ಗೊತ್ತಿರಬೇಕು. ನಾಳೆ ವಿಚಾರಣೆ ಬಂದರೆ ಅಧಿಕಾರಿಗೆ ಆ ಕಾಗದವೇ ಬೆನ್ನೆಲುಬು.

ಬ್ಯಾಡಗಿ ಎಂದ ಮೇಲೆ ಶೀತಲಗೃಹಗಳ ಮಾತು ಬಿಡುವಂತಿಲ್ಲ. ಅಲ್ಲಿ ಎರಡು ಅಪಾಯ ಒಟ್ಟಿಗೆ ಇರಬಹುದು. ಗೋಡೆಯ ತಗಡಿನ ಹಾಳೆಗಳ ನಡುವೆ ಇರುವ ಥರ್ಮೋಕೋಲ್ ಇಲ್ಲವೇ ಫೋಮಿನಲ್ಲಿ ಬೆಂಕಿ ಕಾಣದಂತೆ ಓಡುತ್ತದೆ. ತಣಿಸಲು ಅಮೋನಿಯಾ ಬಳಸುವ ಕಡೆ ಅದು ಸೋರಿದರೆ, ಹಗುರ ಅನಿಲವಾದರೂ ತಣ್ಣಗಿರುವಾಗ ನೆಲ ಹಿಡಿದೇ ಹರಿಯುತ್ತದೆ. ಗಾಳಿಯ ಬೆನ್ನಿನಿಂದ ಹೋಗಬೇಕು. ನೀರಿನ ತುಂತುರು ಅನಿಲವನ್ನು ಹೀರುತ್ತದೆ, ಆದರೆ ಸುರಿದ ದ್ರವದ ಮೇಲೆ ನೀರು ಬಿದ್ದರೆ ಅದು ಕುದ್ದು ಮೋಡ ಇನ್ನೂ ದೊಡ್ಡದಾಗುತ್ತದೆ. ಬೆವರಿದ ಮೈಗೆ ಅಮೋನಿಯಾ ಸುಡುತ್ತದೆ, ಮಾಮೂಲಿ ಕೋಟು ಸಾಲದು. ಜತೆಗೆ ಮೆಣಸಿನಕಾಯಿಯ ಘಾಟು. ಉಸಿರಾಟದ ಬಿ.ಎ. ಸೆಟ್ ಇಲ್ಲದೆ ಒಳಗೆ ಕಾಲಿಡುವ ಮಾತೇ ಇಲ್ಲ. ಆ ಸೆಟ್ಟಿನ 6 ಲೀಟರ್ ಸಿಲಿಂಡರ್ 300 ಬಾರ್‌ಗೆ ತುಂಬಿದ್ದರೆ 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಎಂದು ಕಾಗದದಲ್ಲಿ 45 ನಿಮಿಷ. ತುಂಬಿದ ಹೋಸ್ ಎಳೆಯುವವನು ಅದರ ಎರಡು ಪಟ್ಟು ಉಸಿರಾಡುತ್ತಾನೆ. ಸುಮಾರು 50 ಬಾರ್‌ಗೆ ಒತ್ತಡ ಇಳಿದು ಸೆಟ್ಟಿನ ಎಚ್ಚರಿಕೆಯ ಸೀಟಿ ಹೊಡೆಯುವ ಹೊತ್ತಿಗೆ ಅವನು ಬಾಗಿಲ ಹೊರಗೆ ಇರಬೇಕು. ಎಲ್ಲ ಕಳೆದು ಕೈಯಲ್ಲಿ ಉಳಿಯುವುದು ಇಪ್ಪತ್ತು ನಿಮಿಷಕ್ಕಿಂತ ಕಮ್ಮಿ, ಅದರಲ್ಲಿ ವಾಪಸ್ ಬರುವ ದಾರಿಯೂ ಸೇರಿದೆ. ಬಾಗಿಲಲ್ಲಿ ಒಬ್ಬ ಹಲಗೆ ಹಿಡಿದು ಹೆಸರು, ಒಳಹೋದ ಸಮಯ, ಆಗಿನ ಒತ್ತಡ ಬರೆಯದಿದ್ದರೆ ಒಳಗಿರುವವರ ಲೆಕ್ಕ ಹೊರಗಿನವರಿಗೆ ಇಲ್ಲ. ಒಂದೊಂದೇ ಠಾಣೆಯಲ್ಲಿ ಇಂಥ ಅಭ್ಯಾಸಕ್ಕೆ ಸೆಟ್ಟೂ ಸಾಲದು, ಜನವೂ ಸಾಲದು. ಮೂರು ಜಿಲ್ಲೆ ಸೇರಿದರೆ ವರ್ಷಕ್ಕೊಮ್ಮೆ ಸರಿಯಾಗಿ ಮಾಡಬಹುದು.

ಹೊಸ ಠಾಣಾಧಿಕಾರಿಯ ಮೊದಲ ಮೂರು ತಿಂಗಳು ಇನ್ನೊಂದು ಸೂಕ್ಷ್ಮ ಕಾಲ. ಅವರಿಗೆ ಒಬ್ಬ ಹಿರಿಯರನ್ನು ಜೋಡಿಸಬೇಕು, ಆದರೆ ಅದೇ ಜಿಲ್ಲೆಯವರನ್ನಲ್ಲ. ಹಾವೇರಿಯವರಿಗೆ ಗದಗದವರು, ಗದಗದವರಿಗೆ ಧಾರವಾಡದವರು. ಗೌಪ್ಯ ವರದಿಯ ಗೆರೆ ಇಬ್ಬರ ನಡುವೆ ಹಾಯಬಾರದು. ಹಿರಿಯರು ಕೊಡಬೇಕಾದ್ದು ಉಪದೇಶವಲ್ಲ, ತಿರುಗಾಟದ ಪಟ್ಟಿ. ಠಾಣೆಯ ವ್ಯಾಪ್ತಿಯ ಕೆರೆ, ಬಾವಿ, ಕೃಷಿಹೊಂಡ ಎಲ್ಲವಕ್ಕೂ ಹೋಗಿ ನಿಂತು ನೋಡುವುದು. ನೋಡಿ ಬಂದರೆ ಸಾಲದು, ಹೀರುಕೊಳವೆ ಇಳಿಬಿಟ್ಟು ನೀರು ಎತ್ತಿ ನೋಡುವುದು. ಪಂಪು ಏಳು ಮೀಟರಿಗಿಂತ ಆಳದಿಂದ ಎಳೆಯಲಾರದು. ಮುಂಡರಗಿ, ಗಜೇಂದ್ರಗಡದ ಕಡೆ ಜನವರಿಯಲ್ಲಿ ಕೈಗೆ ಸಿಗುವ ನೀರು ಏಪ್ರಿಲ್‌ನಲ್ಲಿ ಎಲ್ಲಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ, ಬಣವಿಗಳಿಗೆ ಬೆಂಕಿ ಬೀಳುವುದೂ ಬೇಸಿಗೆಯಲ್ಲೇ. ಹೆಸ್ಕಾಂನ ಆಯಾ ಸೆಕ್ಷನ್ ಅಧಿಕಾರಿಯ ನಂಬರು, ರಾತ್ರಿ ಫೋನ್ ಎತ್ತುವ ಜೆಸಿಬಿ ಮಾಲೀಕರ ನಂಬರು, ಶೀತಲಗೃಹದ ಅಮೋನಿಯಾ ಮುಖ್ಯ ವಾಲ್ವ್ ಯಾವ ಗೋಡೆಯ ಪಕ್ಕ ಇದೆ ಎಂಬ ನಕ್ಷೆ. ಕಪ್ಪತಗುಡ್ಡದ ಬುಡದ ಠಾಣೆಯವರಾದರೆ ಬೆಂಕಿ ಹರಡದಂತೆ ಅರಣ್ಯ ಇಲಾಖೆ ಸವರಿದ ಬೆಂಕಿ ರೇಖೆ ಎಲ್ಲಿ ಹಾದಿದೆ, ಗಾಡಿ ಎಲ್ಲಿಯವರೆಗೆ ಹತ್ತುತ್ತದೆ ಎಂಬುದು. ಮಲಪ್ರಭಾ, ಬೆಣ್ಣೆಹಳ್ಳದ ದಂಡೆಯವರಾದರೆ ನೀರು ಏರಿದಾಗ ಯಾವ ಸೇತುವೆ ಮೊದಲು ಮುಳುಗುತ್ತದೆ ಎಂಬುದು.

ತಪಾಸಣೆಗೂ ಜನರ ತಿಳಿವಳಿಕೆಗೂ ಚಿಕ್ಕ ಚಿಕ್ಕ ಕೈಪಿಡಿಗಳು ಬೇಕು, ಅವೂ ಕನ್ನಡದಲ್ಲಿ. 2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದಲ್ಲಿ ಅಡುಗೆ ಅನಿಲ ಸೋರಿ ಹೊತ್ತಿಕೊಂಡು ಎಂಟು ಜೀವ ಹೋದವು. ಹತ್ತು ಅಡಿ ಎತ್ತರದ 10×12 ಅಡಿ ಕೋಣೆಯ ಗಾಳಿ 34 ಘನ ಮೀಟರ್. ಅದರಲ್ಲಿ ನೂರಕ್ಕೆ ಎರಡು ಪಾಲು ಅನಿಲ ಬೆರೆತರೆ ಕಿಡಿಗೆ ಕಾದಂತೆ, ಅಂದರೆ 14.2 ಕಿಲೋ ಸಿಲಿಂಡರಿನಿಂದ ಒಂದೂವರೆ ಕಿಲೋ ಸೋರಿದರೆ ಸಾಕು. ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಮಟ್ಟದಲ್ಲಿ ಹರಡುತ್ತದೆ, ನೆಲದ ಮೇಲೆ ಮಲಗಿದವರ ಮಟ್ಟದಲ್ಲೇ. ಈ ಲೆಕ್ಕವನ್ನು ಗುಡಿಯ ಕಮಿಟಿ, ಕಲ್ಯಾಣ ಮಂಟಪ, ಗಣಪತಿ ಪೆಂಡಾಲಿನವರಿಗೆ ಒಂದೇ ಪುಟದಲ್ಲಿ ಹೇಳಬಹುದು. ಪ್ರತಿ ಠಾಣಾಧಿಕಾರಿಯೂ ತನ್ನದೇ ಪುಟ ಬರೆಯುತ್ತ ಕೂರುವುದರಲ್ಲಿ ಅರ್ಥವಿಲ್ಲ. ಒಬ್ಬರು ಬರೆಯಲಿ, ಹತ್ತು ಜನ ತಿದ್ದಲಿ, ಎಲ್ಲರೂ ಬಳಸಲಿ.

ಖರೀದಿಯ ಮಾತೂ ಇದೆ. ರಾಜ್ಯಗಳ ಅಗ್ನಿಶಾಮಕ ಸೇವೆ ವಿಸ್ತರಿಸಿ ಆಧುನೀಕರಿಸಲು ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿ ಯೋಜನೆ ಪ್ರಕಟಿಸಿತು. ಹಣ ಬಂದಾಗ ಯಾವ ಗಾಡಿ ಬೇಕೆಂದು ಬರೆಯುವವರು ಯಾರು? ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಲಿನ ಓಣಿಗಳಲ್ಲಿ ಸಂಜೆ ಹೊತ್ತು ಆಟೊ ತಿರುಗಿಸುವುದೇ ಕಷ್ಟ. ಅಲ್ಲಿಗೆ ಉದ್ದ ಚಾಸಿಯ ಗಾಡಿಗಿಂತ ಸಣ್ಣ ಗಾಡಿ, ಹೆಚ್ಚು ಹೋಸ್, ಹೊರಗೆ ನಿಂತು ನೀರು ದಬ್ಬುವ ದೊಡ್ಡ ಪಂಪು ಬೇಕು. ತಿರುಗುವ ಸುತ್ತಳತೆ ಎಷ್ಟು, ಬಿ.ಎ. ಸೆಟ್ ಇಡುವ ಖಾನೆ ನೆಲದಿಂದ ಎಷ್ಟು ಎತ್ತರ, ಏಣಿ ಇಳಿಸಲು ಎಷ್ಟು ಜನ ಬೇಕು — ಇದು ಓಡಿಸುವವರಿಗೆ, ಎಳೆಯುವವರಿಗೆ ಗೊತ್ತು. ಅವರ ಮಾತನ್ನು ಒಗ್ಗೂಡಿಸಿ, ಅಳತೆ ಸಮೇತ ಬರೆದು, ಟೆಂಡರಿಗೆ ಮುಂಚೆ ಮೇಲಕ್ಕೆ ಕಳಿಸುವ ಬಾಯಿ ಬೇಕು. ಪಂಪಿನ ಪರೀಕ್ಷೆಗೆ ನೆರವು ಕೇಳಲು ಐಐಟಿ ಧಾರವಾಡ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ನಮ್ಮ ಊರಲ್ಲೇ ಇವೆ.

ಇನ್ನು ಮನಸ್ಸಿನ ವಿಷಯ. ಬಾವಿಯಿಂದ ಮಗುವಿನ ಶವ ಎತ್ತಿದ ಸಿಬ್ಬಂದಿಗೆ ಅಧಿಕಾರಿ ಏನೋ ಒಂದು ಸಮಾಧಾನ ಹೇಳುತ್ತಾರೆ. ಅಧಿಕಾರಿಗೆ ಹೇಳುವವರಿಲ್ಲ. ಸಂಘದಲ್ಲಿ ಇಬ್ಬರು ಮೂವರು ಇದಕ್ಕೆಂದೇ ತರಬೇತಿ ಪಡೆದಿರಬೇಕು. ಘಟನೆಯಾದ ದಿನವೇ ಎಲ್ಲರನ್ನೂ ಕೂರಿಸಿ ಕಂಡದ್ದನ್ನೆಲ್ಲ ಹೇಳಿಸುವುದು ಒಳ್ಳೆಯದಲ್ಲ, ಅದರಿಂದ ಕೆಲವರಿಗೆ ಹಾನಿಯೂ ಆಗಬಹುದು. ಊಟ, ನಿದ್ದೆ, ಮನೆಗೆ ಒಂದು ಫೋನು, ಆಮೇಲೆ ವಾರವಿಡೀ ಗಮನಿಸುವುದು. ತಿಂಗಳಾದರೂ ನಿದ್ದೆ ಬಾರದಿದ್ದರೆ, ಕುಡಿತ ಹೆಚ್ಚಾದರೆ, ಸೈರನ್ನಿಗೆ ಬೆಚ್ಚಿಬೀಳುತ್ತಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಜತೆಯಲ್ಲಿ ಹೋಗುವುದು. 14416ಕ್ಕೆ ಕರೆ ಮಾಡಿದರೆ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಯಾವ ಹೊತ್ತಿನಲ್ಲೂ ಮಾತಾಡುತ್ತಾರೆ.

ಶುರು ಮಾಡಲು ಕಟ್ಟಡ ಬೇಡ, ಉದ್ಘಾಟನೆಯೂ ಬೇಡ. ಧಾರವಾಡ, ಗದಗ, ಹಾವೇರಿ ಮೂರು ಜಿಲ್ಲೆಯ ಠಾಣಾಧಿಕಾರಿಗಳು, ಸಹಾಯಕ ಠಾಣಾಧಿಕಾರಿಗಳು ಎರಡು ತಿಂಗಳಿಗೊಮ್ಮೆ ಅರ್ಧ ದಿನ, ಸರದಿಯಂತೆ ಒಂದೊಂದು ಠಾಣೆಯಲ್ಲಿ ಸೇರಲಿ. ಒಂದೂವರೆ ತಾಸು ಒಂದೇ ಪ್ರಕರಣ, ಅರ್ಧ ತಾಸು ಹಾಳೆಗಳ ಓದು, ಉಳಿದದ್ದು ಅಂಗಳದಲ್ಲಿ ಕೈಕೆಲಸ. ಎಲ್ಲರೂ ಒಂದೇ ದಿನ ಠಾಣೆ ಬಿಡುವಂತಿಲ್ಲ. ಆದ್ದರಿಂದ ಒಂದು ಸಭೆಗೆ ಠಾಣಾಧಿಕಾರಿ, ಮುಂದಿನದಕ್ಕೆ ಸಹಾಯಕ. ಅಡ್ಡಿ ಬರುವುದು ರಜೆಯದ್ದು. ಸ್ವಂತ ರಜೆ ಹಾಕಿ ಬನ್ನಿ ಎಂದರೆ ಆರು ತಿಂಗಳಲ್ಲಿ ಕುರ್ಚಿ ಖಾಲಿ.

ಅದಕ್ಕೆ ಇಲಾಖೆಯಿಂದ ಎರಡು ಸಾಲಿನ ಸುತ್ತೋಲೆ ಬೇಕು. ಮೊದಲ ಸಾಲು: ಸಭೆಗೆ ಹಾಜರಾದ ದಿನವನ್ನು ಕರ್ತವ್ಯವೆಂದು ಪರಿಗಣಿಸಲಾಗುವುದು. ಎರಡನೇ ಸಾಲು: ಸಭೆಯಲ್ಲಿ ಆಡಿದ ಅಥವಾ ಹಾಳೆಯಲ್ಲಿ ಬರೆದ ಮಾತನ್ನು ಶಿಸ್ತುಕ್ರಮಕ್ಕೆ ಆಧಾರವಾಗಿ ಬಳಸತಕ್ಕದ್ದಲ್ಲ. ಎರಡನೆಯದಕ್ಕೆ ಸಹಿ ಬೀಳುವುದು ಕಷ್ಟ ಎಂದು ನಮಗೂ ಗೊತ್ತು. ಉದ್ದೇಶಪೂರ್ವಕ ನಿರ್ಲಕ್ಷ್ಯ, ಲಂಚ, ಕುಡಿದು ಕರ್ತವ್ಯಕ್ಕೆ ಬಂದದ್ದು ಇದರಿಂದ ಹೊರಗೆ ಎಂದು ಬೇಕಾದರೆ ಮೂರನೇ ಸಾಲು ಸೇರಿಸಲಿ. ಹತ್ತಿ ಆವಕ ಶುರುವಾಗುವ ಮುಂಚೆ ಸಹಿಯಾದರೆ ಮೊದಲ ಸಭೆಯನ್ನು ಯಾವುದಾದರೂ ಗಿನ್ನಿಂಗ್ ಮಿಲ್ಲಿನ ಅಂಗಳದಲ್ಲೇ ಕರೆಯಬಹುದು. ಒಂದು ಹಳೆಯ ಬೇಲು, ಪಟ್ಟಿ ಕತ್ತರಿಸುವ ಕಟ್ಟರ್, ಒಂದು ಹೋಸ್ ಇದ್ದರೆ ಸಾಕು.

— ಅಗ್ನಿಶಾಮಕ ಸೇವೆಯ ಕೆಲವು ನಿವೃತ್ತ ಅಧಿಕಾರಿಗಳು ಮತ್ತು ತರಬೇತುದಾರರು, ಹುಬ್ಬಳ್ಳಿ–ಧಾರವಾಡ